ಭಾರವಿಲ್ಲದ ಎತ್ತು

"ಎತ್ತು ಎಳೀತಾ ಇರೋದು ನೀರೋ ಹತ್ತೀನೋ?" ಎಂದರು ಗೋಪೀನಾಥ.

ಸೇತುರಾಮ ಬರೆದ ಹಾಳೆಗಳ ಕಟ್ಟನ್ನು ಅವರು ಎಡಗೈ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಇನ್ನೊಮ್ಮೆ ಸರಸರನೆ ಬೀಳಿಸಿದರು. ಹಾಗೆ ಬೀಳಿಸಿದಾಗ ಕಾಗದದ ಮೇಲಿನ ಎತ್ತು ನಡೆಯುತ್ತದೆ. ನಡೆಯುವುದೇನೋ ನಡೆಯಿತು. ಬಾವಿಯಿಂದ ನೀರು ಎಳೆಯುವ ಎತ್ತಿನ ಹಾಗಲ್ಲ, ಹೊಟ್ಟೆ ತುಂಬಿ ಮನೆಗೆ ಹೊರಟ ಎತ್ತಿನ ಹಾಗೆ.

ಇದು ೧೯೫೭ರ ಮಾತು. ರಾಜಾಜಿನಗರದ ಹೊಸ ಕೈಗಾರಿಕಾ ಶೆಡ್ಡುಗಳ ಸಾಲಿನಲ್ಲಿ, ಬೋಲ್ಟು ನಟ್ಟು ಮಾಡುವವರಿಗೂ ಊದುಬತ್ತಿ ಹೊಸೆಯುವವರಿಗೂ ನಡುವೆ ಗೋಪೀನಾಥರ ಕಾರ್ಟೂನ್ ಸ್ಟುಡಿಯೋ ಇತ್ತು. ಸಿನಿಮಾ ಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ತೋರಿಸುವ ಜಾಹೀರಾತುಗಳು ಅಲ್ಲಿ ತಯಾರಾಗುತ್ತಿದ್ದವು. ಕುಣಿಯುವ ಸಾಬೂನು, ಮೀಸೆ ತಿರುವುವ ಬೀಡಿ ಕಟ್ಟು, ಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ ಹಲ್ಲುಪುಡಿಯ ಡಬ್ಬಿ. ಈಗ ಬಂದಿದ್ದ ಕೆಲಸ ವಿದ್ಯುತ್ ಪಂಪಿನದು. ಎತ್ತು ಬಾವಿಯಿಂದ ನೀರೆತ್ತುವ ಕಪಿಲೆಯನ್ನು ಎಳೆದು ಎಳೆದು ಸೋತು ಮಂಡಿಯೂರಿ ಬೀಳಬೇಕು. ಆಗ ಪಂಪು ನಗುತ್ತಾ ಬರಬೇಕು, ನೀರು ಆನೆಯ ಸೊಂಡಿಲಿನಷ್ಟು ದಪ್ಪಗೆ ಚಿಮ್ಮಬೇಕು. ಅಷ್ಟೇ ಕಥೆ.

"ಎತ್ತಿಗೆ ಭಾರ ಇಲ್ಲದೆ ಇದ್ರೆ ಅದು ಯಾಕ್ರೀ ಬೀಳುತ್ತೆ?" ಗೋಪೀನಾಥ ಹಾಳೆಗಳನ್ನು ಮೇಜಿನ ಮೇಲೆ ಇಟ್ಟರು. "ಸೋಮವಾರ ಕಂಪನಿಯೋರು ಬರ್ತಾರೆ. ಅಷ್ಟರೊಳಗೆ ಎತ್ತು ಸರಿಯಾಗದೆ ಹೋದ್ರೆ ಮದ್ರಾಸಿನಿಂದ ಆರ್ಟಿಸ್ಟನ್ನ ಕರೆಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಆರ್ಟಿಸ್ಟು ಬಂದರೆ ಸೇತುರಾಮನ ಮೇಜಿಗೇ ಬಂದು ಕೂರುತ್ತಾನೆ. ಸೇತುರಾಮ ಮದ್ರಾಸಿನ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ನಡುವಿನ ಚಿತ್ರಗಳನ್ನು ಬರೆದವನು. ಹಿರಿಯ ಚಿತ್ರಗಾರ ಕೈ ಎತ್ತಿದ್ದನ್ನು ಒಂದು ಹಾಳೆಯಲ್ಲಿ, ಇಳಿಸಿದ್ದನ್ನು ಇನ್ನೊಂದರಲ್ಲಿ ಬರೆದು ಕೊಟ್ಟರೆ, ಎರಡರ ನಡುವೆ ಕೈ ಎಲ್ಲೆಲ್ಲಿ ಹಾದುಹೋಗಬೇಕೋ ಅದನ್ನೆಲ್ಲ ತುಂಬುವ ಕೆಲಸ. ಇಡೀ ಒಂದು ದೃಶ್ಯ ಅವನ ಪಾಲಿಗೆ ಬಂದದ್ದು ಇದೇ ಮೊದಲು. ಕೈತಪ್ಪಿದರೆ ಮತ್ತೆ ನಡುವಿನ ಚಿತ್ರಗಳೇ ಗತಿ.

"ನಾನು ಕಣ್ಣಾರೆ ನೋಡಿದ್ದನ್ನೇ ಬರೆದಿದ್ದೀನಿ ಸಾರ್. ದಿನಾ ಬೆಳಿಗ್ಗೆ ಅತ್ತಿಗುಪ್ಪೆಗೆ ಹೋಗಿ ಬಾವಿ ಮುಂದೆ ಕೂತು..."

"ಬಾವಿಗೆ ಹೋಗ್ತೀರೋ, ಇಲ್ಲ ಯಾವುದಾದ್ರೂ ಹೋಟ್ಲಲ್ಲಿ ಕೂತು ತಲೇಲಿರೋದನ್ನ ಗೀಚ್ಕೊಂಡು ಬರ್ತೀರೋ, ನನಗೇನು ಗೊತ್ತು?" ಎಂದು ಗೋಪೀನಾಥ ಒಳಗೆ ಹೋದರು.

ಎದುರು ಮೇಜಿನಲ್ಲಿ ಕೋಕಿಲಾ, ಸೆಲ್ ಎಂಬ ಪಾರದರ್ಶಕ ಹಾಳೆಗಳ ಮೇಲೆ ಪಂಪಿನ ನಗುವಿಗೆ ಮಸಿ ಹಾಕುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಿನ್ನೆ ನಿಮ್ಮ ಸೈಕಲ್ ಚಕ್ರ ನೋಡ್ತಾ ನಿಂತಿದ್ರು, ಸೇತುರಾಮಣ್ಣ. ಕೆಮ್ಮಣ್ಣು ಅಂಟಿದೆಯಾ ಇಲ್ವಾ ಅಂತ."

"ಅಂಟಿತ್ತಾ?"

"ಇತ್ತು. ಅದಕ್ಕೇ ಇನ್ನೂ ಕೋಪ."

ಸೇತುರಾಮನಿಗೆ ನಗು ಬರಲಿಲ್ಲ. ಗೋಪೀನಾಥರ ಅನುಮಾನಕ್ಕಿಂತ ಅವನನ್ನು ಕೊರೆಯುತ್ತಿದ್ದುದು ತನ್ನ ಕಣ್ಣಿನ ಮೇಲೆ ಹುಟ್ಟಿದ್ದ ಅನುಮಾನ. ಕೆಟ್ಟುಹೋದ ಹಾಳೆಗಳನ್ನು ನಾಲ್ಕಾಗಿ ಹರಿದು, ಹಲಗೆಗೆ ಕ್ಲಿಪ್ಪು ಹಾಕಿ, ಹೋದಲ್ಲೆಲ್ಲ ಬರೆಯುವುದು ಅವನ ಅಭ್ಯಾಸ. ಮುಖ ಬರೆಯುತ್ತಿರಲಿಲ್ಲ. ಬಸ್ಸಿಗೆ ಕಾಯುವವನು ಯಾವ ಕಾಲಿನ ಮೇಲೆ ನಿಂತಿದ್ದಾನೆ, ಕೊಡ ಹೊತ್ತವಳ ಸೊಂಟ ಯಾವ ಕಡೆ ಮುರಿದಿದೆ, ಅದಷ್ಟೇ ಅವನಿಗೆ ಬೇಕಾದದ್ದು. ಮದ್ರಾಸಿನ ಹಿರಿಯನೊಬ್ಬ ಹೇಳಿಕೊಟ್ಟಿದ್ದ: ಗೆರೆ ಚೆನ್ನಾಗಿಲ್ಲದಿದ್ದರೆ ಜನ ಕ್ಷಮಿಸುತ್ತಾರೆ, ಭಾರ ಇಲ್ಲದಿದ್ದರೆ ನಂಬುವುದಿಲ್ಲ.

ಆ ಸಂಜೆ ಮಾಗಡಿ ರಸ್ತೆಯ ನಲ್ಲಿಯ ಬಳಿ ಸೈಕಲ್ಲಿಗೆ ಒರಗಿ ನಿಂತು, ಬಂದು ಹೋಗುವ ಹೆಂಗಸರನ್ನು ಬರೆದ. ತುಂಬಿದ ಕೊಡ ಹಾಳೆಯ ಮೇಲೂ ತುಂಬಿದ್ದಾಗಿಯೇ ಬಂತು, ಖಾಲಿ ಕೊಡ ಖಾಲಿಯಾಗಿಯೇ ಬಂತು. ಒಬ್ಬಾಕೆ ಮಾತ್ರ, "ಏನ್ ಬರೀತಾ ಇದೀಯಪ್ಪಾ, ನಲ್ಲಿ ಕಿತ್ತು ಹಾಕ್ತಾರಾ?" ಎಂದು ಕೇಳಿ ಮುಖ ತಿರುಗಿಸಿ ಹೋದಳು. ಕಣ್ಣು ಕೆಟ್ಟಿರಲಿಲ್ಲ. ಹಾಗಾದರೆ ಕೆಟ್ಟಿರುವುದು ಅತ್ತಿಗುಪ್ಪೆಯಲ್ಲಿ ಏನೋ ಒಂದು.

ಮಾರನೆಯ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಎಂದಿನ ಕಲ್ಲಿನ ಮೇಲೆ ಕೂತ. ಅಲ್ಲಿಂದ ಬಾವಿಯ ಬಾಯಿ ಕಾಣದು. ಎತ್ತುಗಳು ನಡೆಯುವ ಇಳಿಜಾರು ಮಾತ್ರ ಕಾಣುತ್ತದೆ. ಕೆಂದ, ಬಿಳಿಯ ಎಂಬ ಎರಡು ಎತ್ತು. ರಾಟೆಯ ಮೇಲೆ ಹಾದುಬಂದ ಹಗ್ಗವನ್ನು ಎಳೆದುಕೊಂಡು ಅವು ಇಳಿಜಾರಿನಲ್ಲಿ ಇಳಿದರೆ, ಬಾವಿಯೊಳಗಿಂದ ದೊಡ್ಡ ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಅವು ಹಿಮ್ಮೆಟ್ಟಿ ಹತ್ತಿದರೆ ಚೀಲ ಮತ್ತೆ ಕೆಳಗಿಳಿಯುತ್ತದೆ. ಬಾವಿಯ ಒಡೆಯ ನಂಜುಂಡಪ್ಪ ಹಗ್ಗದ ಮೇಲೆ ಕೂತು ಹೊಡೆಯುತ್ತಿದ್ದ. ನಲವತ್ತು ದಾಟಿದ, ಕಟ್ಟುಮಸ್ತಾದ ಆಳು.

ಸೇತುರಾಮ ಓಟದ ಪಂದ್ಯಗಳಲ್ಲಿ ಹಿಡಿಯುವಂಥ ಸ್ಟಾಪ್‌ವಾಚನ್ನು ಅಂಗೈಯಲ್ಲಿ ಇಟ್ಟುಕೊಂಡ. ಒಂದು ಹೆಜ್ಜೆಗೆ ಎಷ್ಟು ಹೊತ್ತು ಎಂದು ತಿಳಿದರೆ ತಾನೆ ಎಷ್ಟು ಚಿತ್ರ ಬರೆಯಬೇಕೆಂದು ಗೊತ್ತಾಗುವುದು. ನಂಜುಂಡಪ್ಪ ಆ ವಾಚನ್ನು ಓರೆಗಣ್ಣಿನಲ್ಲಿ ನೋಡಿದ. ದಿನವೂ ನೋಡುತ್ತಿದ್ದ. ಆದರೆ ದಿನ ಬೆಳಗಾದರೆ ಎದುರು ಕೂರುವವನನ್ನು ಅವನು ಒಂದು ಮಾತೂ ಆಡಿಸಿರಲಿಲ್ಲ. ಕಪಿಲೆ ಹೊಡೆಯುವವರು ಹಾಡುತ್ತಾರೆ, ಇವನು ಹಾಡುತ್ತಲೂ ಇರಲಿಲ್ಲ.

ಸೇತುರಾಮ ಇವತ್ತು ಎತ್ತುಗಳ ಕೊರಳನ್ನಷ್ಟೇ ನೋಡಿದ. ಭಾರ ಎಳೆಯುವ ಎತ್ತಿನ ಕೊರಳು ನೆಲದತ್ತ ಚಾಚಿಕೊಳ್ಳಬೇಕು. ಇಲ್ಲಿ ಮೊದಲ ಎರಡು ಹೆಜ್ಜೆ ಹಾಗೆ ಚಾಚುತ್ತಿತ್ತು. ಮೂರನೆಯ ಹೆಜ್ಜೆಗೆ ಸಡಿಲಗೊಂಡು ಮೇಲೇಳುತ್ತಿತ್ತು. ಅದೇ ಗಳಿಗೆಗೆ ಬಾವಿಯ ಆಳದಲ್ಲಿ ನೀರು ಧೊಪ್ಪನೆ ಬೀಳುವ ಸದ್ದು. ನೀರು ಬೀಳಬೇಕಾದದ್ದು ಮೇಲಿನ ತೊಟ್ಟಿಗೆ. ಸದ್ದು ಬರುತ್ತಿದ್ದುದು ಕೆಳಗಿನಿಂದ.

ಅವನು ಹಲಗೆ ಹಿಡಿದುಕೊಂಡು ಎದ್ದು, ಏರು ಹತ್ತಿ ತೊಟ್ಟಿಯ ಹತ್ತಿರ ಹೋದ. ತೊಟ್ಟಿ ಒಣಗಿ ಬಿಳಿಚಿಕೊಂಡಿತ್ತು. ಕಾಲುವೆಯ ಬಾಯಿಗೆ ಜೇಡ ಬಲೆ ಕಟ್ಟಲು ಹೊರಟಿತ್ತು. ಆದರೆ ಅದರಾಚೆಯ ದಂಟು ಸೊಪ್ಪಿನ ಮಡಿಗಳ ಮಣ್ಣು ಕಪ್ಪಗೆ ತೇವವಾಗಿತ್ತು. ಸೊಪ್ಪಿಗೆ ನಿನ್ನೆ ಸಂಜೆ ನೀರು ಬಿಟ್ಟಿದ್ದಾರೆ. ಅಂದರೆ ಬಾವಿಯಲ್ಲಿ ನೀರಿದೆ, ಎತ್ತು ಎಳೆಯುತ್ತದೆ, ಆದರೆ ಅವನ ಎದುರಿಗೆ ಮಾತ್ರ ನೀರು ಮೇಲೆ ಬರುವುದಿಲ್ಲ. ಒಬ್ಬ ರೈತ ಬೆಳಗೆಲ್ಲ ಖಾಲಿ ಚೀಲ ಎಳೆಸಿ ಎತ್ತುಗಳನ್ನು ದಣಿಸುವುದೇಕೆ?

"ಅಲ್ಲಿಗ್ಯಾಕೆ ಹೋಗ್ತೀರಿ ಸ್ವಾಮಿ?" ಹಿಂದಿನಿಂದ ಹೆಂಗಸಿನ ಧ್ವನಿ. ನಂಜುಂಡಪ್ಪನ ಹೆಂಡತಿ ಲಿಂಗಮ್ಮ, ಕುಡುಗೋಲು ಹಿಡಿದು ನಿಂತಿದ್ದಳು.

"ನೀರು ನೋಡೋಣ ಅಂತ."

ನಂಜುಂಡಪ್ಪ ಎತ್ತು ನಿಲ್ಲಿಸಿ ಹಗ್ಗದಿಂದ ಇಳಿದ. "ನೀರಿಲ್ಲ ಸ್ವಾಮಿ ಬಾವೀಲಿ. ಬರ್ಕೊಳಿ."

"ನಾನೇನು ಬರ್ಕೊಳ್ಳಲಿ?"

"ದಿನಾ ಏನು ಬರ್ಕೊತೀರೋ ಅದನ್ನೇ. ಕೈಗಡಿಯಾರ ಹಿಡ್ಕೊಂಡು ಕೂತು ಎಷ್ಟು ಚೀಲ ಬತ್ತದೆ ಅಂತ ಲೆಕ್ಕ ಹಾಕ್ತೀರಲ್ಲ. ನಮಗೇನು ತಿಳಿಯಕಿಲ್ವಾ? ಆ ಕಡೆ ಹೊಲದೋನ ಬಾವೀಲಿ ನೀರು ಚೆನ್ನಾಗದೆ ಅಂತ ಮೊದಲು ಅಲ್ಲಿಗೇ ಕಲ್ಲು ನೆಟ್ಟು ಜಮೀನು ತಗೊಂಡ್ರು, ಬಡಾವಣೆ ಆಫೀಸಿನೋರು. ಬಂದು ಮನೆ ಕಟ್ಟೋರಿಗೆ ಕುಡಿಯೋ ನೀರು ಬೇಕಂತೆ. ನಮ್ಮದು ಬತ್ತಿದ ಬಾವಿ. ನಿಮಗೆ ದಕ್ಕಾಕಿಲ್ಲ."

ಸೇತುರಾಮನಿಗೆ ಈಗ ಎಲ್ಲ ತಿಳಿಯಿತು. ಚೀಲದ ಕೆಳಗೆ ಸೊಂಡಿಲಿನಂಥ ಬಾಯಿ ಇರುತ್ತದೆ. ಅದನ್ನು ಮಡಿಸಿ ಹಿಡಿಯುವುದು ಇನ್ನೊಂದು ಸಣ್ಣ ಹಗ್ಗ. ಚೀಲ ನೀರಿನಿಂದ ಸ್ವಲ್ಪ ಮೇಲೆದ್ದ ಕೂಡಲೇ ನಂಜುಂಡಪ್ಪ ಆ ಹಗ್ಗ ಸಡಿಲ ಬಿಡುತ್ತಿದ್ದ. ನೀರು ಬಾವಿಗೇ ವಾಪಸು ಬೀಳುತ್ತಿತ್ತು. ಇಲ್ಲದ ಅಧಿಕಾರಿಗಾಗಿ ನಡೆದ ನಾಟಕ. ಸೇತುರಾಮ ಅದನ್ನು ತಪ್ಪಿಲ್ಲದೆ ಬರೆದುಕೊಂಡು ಹೋಗಿ ಬೈಸಿಕೊಂಡಿದ್ದ.

"ನಾನು ಆ ಆಫೀಸಿನೋನಲ್ಲ ಗೌಡ್ರೆ. ಸಿನಿಮಾದೋನು. ಚಿತ್ರ ಬರೆಯೋನು."

"ಹೂಂ," ಎಂದಳು ಲಿಂಗಮ್ಮ. "ಹೋದ ತಿಂಗಳು ಬಂದೋನು ಬಳೆ ಮಾರೋನು ಅಂದಿದ್ದ. ಜೇಬಲ್ಲಿ ಅಳತೆ ಟೇಪು."

ಸೇತುರಾಮ ತನ್ನ ಹೆಗಲ ಚೀಲದಿಂದ ಹಾಳೆಗಳ ಕಟ್ಟು ತೆಗೆದು, ಬೆರಳ ಸಂದಿಗೆ ಸಿಕ್ಕಿಸಿ ಬೀಳಿಸಿದ. ಎತ್ತು ನಡೆಯಿತು. ನಂಜುಂಡಪ್ಪ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿದ. ಲಿಂಗಮ್ಮ ದೂರದಿಂದಲೇ ಕತ್ತು ಚಾಚಿದಳು.

"ನಮ್ಮ ಕೆಂದ," ಎಂದ ನಂಜುಂಡಪ್ಪ. "ಎಡಗಾಲು ಎಳೆಯೋದೂ ಹಂಗೇ ಅದೆ."

"ಹಿಂಗೆ ಕೊರಳೆತ್ಕೊಂಡು ನಡೆದ್ರೆ ಯಾವ ಸೊಪ್ಪು ಬೆಳೀತದೆ?" ಎಂದಳು ಲಿಂಗಮ್ಮ. "ಮಾವನ ಮನೆಗೆ ಹೊರಟಂಗದೆ."

"ಅದೇ ತಾಯಿ ನನಗೂ ಕಷ್ಟ. ನೀವು ಖಾಲಿ ಚೀಲ ಎಳೆಸ್ತೀರಿ, ನಮ್ಮ ಯಜಮಾನ್ರು ನನ್ನ ನಂಬಲ್ಲ. ಸೋಮವಾರದೊಳಗೆ ಸರಿ ಬರೀದೆ ಇದ್ರೆ ನನ್ನ ಜಾಗಕ್ಕೆ ಬೇರೆಯೋನು ಬರ್ತಾನೆ. ಒಂದೇ ಒಂದು ಬೆಳಿಗ್ಗೆ ತುಂಬಿದ ಚೀಲ ಎಳೆಸಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಂಜುಂಡಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. ಒರೆಸುವುದು ಮುಗಿದ ಮೇಲೂ ಒರೆಸುತ್ತಲೇ ಇದ್ದ.

"ಯಾತಕ್ಕೆ ಈ ಚಿತ್ರ?" ಎಂದು ಕೇಳಿದ.

ಪಂಪು ಎಂಬ ಮಾತು ಸೇತುರಾಮನ ನಾಲಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿದ.

"ಸಿನಿಮಾಕ್ಕೆ. ಎತ್ತು ನೀರು ಎಳೆಯೋದು."

"ಅಷ್ಟೇಯಾ?"

"ಅಷ್ಟೇ."

"ನಮ್ಮ ಕೆಂದನ ಮರ್ಯಾದೆ ತೆಗೆಯಾಕಿಲ್ಲ ತಾನೇ?"

ಸೇತುರಾಮ ತಲೆ ಆಡಿಸಿದ. ಹೌದೆಂದೂ ಅಲ್ಲವೆಂದೂ ಓದಿಕೊಳ್ಳಬಹುದಾದ ಆಡಿಸುವಿಕೆ. ಆಮೇಲೆ ಕಾಗದ ಜೋಡಿಸುವ ನೆಪದಲ್ಲಿ ಬಗ್ಗಿದ.

ನಂಜುಂಡಪ್ಪ ಸಣ್ಣ ಹಗ್ಗ ಬಿಗಿದ. ಕೆಂದ, ಬಿಳಿಯ ಇಳಿಜಾರಿಗೆ ಮುಖ ಮಾಡಿದವು. ಮೊದಲ ಹೆಜ್ಜೆಗೇ ಎರಡರ ಕೊರಳೂ ಚಾಚಿ, ಭುಜದ ಮೂಳೆ ಚರ್ಮದೊಳಗೆ ಎದ್ದು ನಿಂತಿತು. ಹಿಂಗಾಲು ಮಣ್ಣಿನಲ್ಲಿ ಹೂತು, ತಡೆದು, ಆಮೇಲೆ ಬಂತು. ಆ ತಡೆ! ಇಷ್ಟು ದಿನ ಹಾಳೆಗಳಲ್ಲಿ ಇಲ್ಲದಿದ್ದುದು ಅದೊಂದೇ. ತೊಟ್ಟಿಗೆ ನೀರು ಭರ್ರೆಂದು ಸುರಿದು ಜೇಡನ ಬಲೆಯನ್ನು ಕೊಚ್ಚಿಕೊಂಡು ಹೋಯಿತು. ನಾಲ್ಕನೆಯ ಚೀಲಕ್ಕೆ ನಂಜುಂಡಪ್ಪ ಹಾಡಲು ಶುರುಮಾಡಿದ. ಸೇತುರಾಮ ಹಲಗೆಯಿಂದ ಕಣ್ಣೆತ್ತದೆ ಬರೆದ. ಹೊರಡುವಾಗ ಲಿಂಗಮ್ಮ ಒಂದು ಕಟ್ಟು ದಂಟು ಸೊಪ್ಪನ್ನು ಸೈಕಲ್ಲಿನ ಹಿಂದೆ ಸಿಕ್ಕಿಸಿದಳು. "ಬಯಸ್ಕೋಪು ಬಂದಾಗ ಹೇಳಿ. ಒಂದು ಗಾಡಿ ಕಟ್ಕೊಂಡು ಬತ್ತೀವಿ."

ಸೋಮವಾರ ಗೋಪೀನಾಥ ಹಾಳೆಗಳನ್ನು ಬೀಳಿಸಿದರು, ಮತ್ತೆ ಬೀಳಿಸಿದರು. ಮಂಡಿಯೂರಿ ಬೀಳುವ ದೃಶ್ಯ ಬಂದಾಗ ಕಂಪನಿಯವರಲ್ಲಿ ಒಬ್ಬರು "ಅಯ್ಯೋ ಪಾಪ" ಎಂದರು. ಗೋಪೀನಾಥ ಸೇತುರಾಮನ ಕಡೆ ತಿರುಗಿ, "ಈಗ ಭಾರ ಬಂತು," ಎಂದರು. ಮದ್ರಾಸಿನ ಮಾತು ಮತ್ತೆ ಬರಲಿಲ್ಲ.

ಬೀಳುವುದನ್ನು ಮಾತ್ರ ಸೇತುರಾಮ ಎಲ್ಲೂ ನೋಡಿರಲಿಲ್ಲ. ಅದನ್ನು ತಲೆಯಿಂದಲೇ ಬರೆದಿದ್ದ. ಕೋಕಿಲಾ ಆ ಹಾಳೆಗಳಿಗೆ ಮಸಿ ಹಾಕುವಾಗ, "ಎಡಗಾಲು ಎಳೆಯೋ ಎತ್ತೇ ಬೀಳ್ಬೇಕಾ, ಸೇತುರಾಮಣ್ಣ?" ಎಂದು ಕೇಳಿದ್ದಳು. "ಕಾಲು ಸರಿ ಮಾಡಿದ್ರೂ ಭಾರ ಇರುತ್ತೆ." ಅವನು ಮಾಡಲಿಲ್ಲ. ಬಂದ ಭಾರ ಎಲ್ಲಿ ತಪ್ಪಿಹೋಗುತ್ತದೋ ಎಂಬ ಹೆದರಿಕೆ.

ಪಂಪಿನ ಜಾಹೀರಾತು ಮಾಗಡಿ ರಸ್ತೆಯ ಟೆಂಟ್ ಸಿನಿಮಾಕ್ಕೂ ಬಂತು. ಸೇತುರಾಮ ಅತ್ತಿಗುಪ್ಪೆಗೆ ಹೇಳಿಕಳಿಸಲಿಲ್ಲ. ತಾನೊಬ್ಬನೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಎತ್ತು ಮಂಡಿಯೂರಿದಾಗ ನೆಲದ ಮೇಲೆ ಕೂತವರೆಲ್ಲ ನಕ್ಕರು. ಪಂಪು ಎತ್ತಿನ ಬೆನ್ನು ತಟ್ಟಿ ಅದನ್ನು ಚಿತ್ರದಿಂದಾಚೆ ಕಳಿಸಿದಾಗ ಸಿಳ್ಳೆ ಬಿತ್ತು. ಆ ಸಿಳ್ಳೆಯ ನಡುವೆ ಮುಂದಿನಿಂದ ಯಾರೋ ಕೂಗಿದರು: "ಲೇ, ಅದು ನಂಜುಂಡಪ್ಪನ ಕೆಂದ ಅಲ್ವೇನ್ಲಾ?"

ಸೇತುರಾಮ ಮುಖ್ಯ ಚಿತ್ರಕ್ಕೆ ಕೂರದೆ ಎದ್ದು ಬಂದ.

ಅಲ್ಲಿಂದ ಕೆಲವು ವಾರಕ್ಕೆ ಗೊಬ್ಬರದ ಕಂಪನಿಯೊಂದರ ಕೆಲಸ ಬಂತು. ಇದರಲ್ಲೂ ಎತ್ತು ಬೇಕಿತ್ತು. ಈ ಎತ್ತು ಬೀಳುವುದಿಲ್ಲ, ಗೆಲ್ಲುತ್ತದೆ. ಹೋಗಿ ಹೇಳಬಹುದು ಎಂದುಕೊಂಡು ಸೇತುರಾಮ ಸೈಕಲ್ ಹತ್ತಿದ.

ಹೊಂಗೆ ಮರದ ಕೆಳಗಿನ ಕಲ್ಲು ಹಾಗೇ ಇತ್ತು. ಇಳಿಜಾರಿನಲ್ಲಿ ಹಾಡು ಕೇಳುತ್ತಿತ್ತು. ಅವನು ಸೈಕಲ್ ನಿಲ್ಲಿಸಿದ್ದೇ ಹಾಡು ನಿಂತಿತು. ನಂಜುಂಡಪ್ಪ ಅವನ ಕಡೆ ನೋಡಿದ, ಓರೆಗಣ್ಣಿನಲ್ಲಲ್ಲ, ನೇರವಾಗಿ. ಸಣ್ಣ ಹಗ್ಗವನ್ನು ಕೈಗೆ ತೆಗೆದುಕೊಂಡು ಎತ್ತುಗಳನ್ನು ಹೊಡೆದ.

ಮೂರನೆಯ ಹೆಜ್ಜೆಗೆ ಕೆಂದನ ಕೊರಳು ಮೇಲೆದ್ದಿತು. ಬಾವಿಯ ಆಳದಲ್ಲಿ ನೀರು ಬಿದ್ದ ಸದ್ದಾಯಿತು.

ಸೊಪ್ಪಿನ ಮಡಿಯಿಂದ ಲಿಂಗಮ್ಮ ತಲೆ ಎತ್ತದೆ ಹೇಳಿದಳು: "ನೀರಿಲ್ಲ ಸ್ವಾಮಿ ಬಾವೀಲಿ. ಬರ್ಕೊಳಿ."

ಸೇತುರಾಮ ಹಲಗೆಗೆ ಕಾಗದ ಸಿಕ್ಕಿಸಿದ. ಆಮೇಲೆ ಕ್ಲಿಪ್ಪು ಸಡಿಲಿಸಿ, ಕಾಗದವನ್ನು ಹೊರಗೆ ತೆಗೆದ.