ಚಿಲಕದಕ್ಕನ ಒಂದು ಮಾತು

ಹನ್ನೊಂದು ವರ್ಷ ಕೂತು ಕಟ್ಟಿದ ಮನೆಗೆ ತನ್ನ ಕೀಲಿಯೇ ಹತ್ತದಿದ್ದರೆ ಹೇಗಿರುತ್ತದೆ? ಭಾನುವಾರ ಬೆಳಗ್ಗೆ ಚಿಲಕದಕ್ಕನಿಗೆ ಆದದ್ದು ಅದೇ. ಮೂರು ಸಲ ಪಾಸ್‌ವರ್ಡ್ ಹೊಡೆದಳು. ಮೂರು ಸಲವೂ 'ನಿಮಗೆ ಪ್ರವೇಶವಿಲ್ಲ' ಎಂದು ಪರದೆ ಮುಖಕ್ಕೆ ಹೊಡೆದಂತೆ ಹೇಳಿತು.

ಸಾವಿರಾರು ಜನ ಕೈಜೋಡಿಸಿ ಬರೆದ, ಯಾರು ಬೇಕಾದರೂ ಪುಕ್ಕಟೆಯಾಗಿ ವೆಬ್‌ಸೈಟ್ ಮಾಡಿಕೊಳ್ಳಬಹುದಾದ ಒಂದು ತಂತ್ರಾಂಶವಿದೆ. ಅದಕ್ಕೆ ಸೇರಿಸಿಕೊಳ್ಳುವ ಸಣ್ಣ ಪ್ಲಗಿನ್ ಇವಳದು, ಹೆಸರು 'ಚಿಲಕ'; ಅದರಿಂದಲೇ ಬಳಸುವವರಿಗೆಲ್ಲ ಇವಳು ಚಿಲಕದಕ್ಕ. ಓದುಗರು ಬರೆಯುವ ಜಾಗಕ್ಕೆ ಕಸದ ಜಾಹೀರಾತು ನುಗ್ಗದಂತೆ ತಡೆಯುವುದು ಅದರ ಕೆಲಸ. ಇವಳಿಗೆ ಹಗಲು ಗ್ರಂಥಾಲಯದಲ್ಲಿ ನೌಕರಿ, ಉಳಿದ ಹೊತ್ತೆಲ್ಲ ಚಿಲಕ. ಸಂಬಳವಿಲ್ಲದ ಚಾಕರಿ ಎಂದು ಅತ್ತೆ ಗೊಣಗಿದರೂ ಇವಳು ಕಿವಿಗೆ ಹಾಕಿಕೊಂಡವಳಲ್ಲ.

ಪ್ಲಗಿನ್‌ಗಳನ್ನೆಲ್ಲ ಹಂಚುವ ಭಂಡಾರ ಒಂದು ದೊಡ್ಡ ಕಂಪನಿಯ ಕೈಯಲ್ಲಿತ್ತು. ಅದಕ್ಕೂ ಇನ್ನೊಂದು ಕಂಪನಿಗೂ ಜಗಳ ಹತ್ತಿ ಕೋರ್ಟಿನ ಮೆಟ್ಟಿಲೇರಿತ್ತು. ಆ ಕಡೆಯವರಿಗೆ ಸಹಾಯ ಮಾಡುವುದಿಲ್ಲವೆಂದು ಸಹಿ ಹಾಕಿಕೊಡಿ ಅಂತ ಭಂಡಾರದವರು ಪ್ಲಗಿನ್ ಬರೆದವರಿಗೆಲ್ಲ ಪತ್ರ ಕಳಿಸಿದರು. ಎಲ್ಲರಿಗೂ ಇರಲಿ ಎಂದು ಬರೆದದ್ದನ್ನು ಇಂಥವರಿಗೆ ಮಾತ್ರ ಇಲ್ಲ ಎನ್ನುವುದು ಇವಳಿಂದಾಗದ ಕೆಲಸ. ಸಹಿ ಹಾಕಲಿಲ್ಲ. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಸಾವು ಅನ್ನುತ್ತಾರಲ್ಲ, ಹಾಗಾಯಿತು. ಕಂಪನಿ ಚಿಲಕವನ್ನು ವಶಮಾಡಿಕೊಂಡು, ಮಧ್ಯಾಹ್ನದೊಳಗೆ ಅದರ ಹೊಸ ಆವೃತ್ತಿಯನ್ನೂ ಬಿಟ್ಟಿತು.

ಯಾರೂ ಅದನ್ನು ಮುಟ್ಟಲಿಲ್ಲ. ಚಿಲಕದ ಬಳಗಕ್ಕೆ ಒಂದು ರೂಢಿಯಿತ್ತು. ಹೊಸತು ಬಂದಾಗ ಅಕ್ಕ ಮೊದಲು ಅದನ್ನು ಅತ್ತೆಯ ನಿವೃತ್ತ ನರ್ಸುಗಳ ಸಂಘದ ವೆಬ್‌ಸೈಟಿಗೆ ಹಾಕುವಳು. ನೋಡಿ, "ಮನೆಯಲ್ಲಿ ಹಾಕಿದೆ, ಸುಖವಾಗಿದೆ" ಎಂದು ಬಳಗದ ಗುಂಪಿನಲ್ಲಿ ಬರೆಯುವಳು. ಉಳಿದ ನಾಲ್ಕು ಸಾವಿರ ವೆಬ್‌ಸೈಟಿನವರು ಆಮೇಲೆಯೇ ಹಾಕಿಕೊಳ್ಳುವುದು. ಈಗಲೂ ಶಾಲೆಯವರು, ಆಸ್ಪತ್ರೆಯವರು, ಸಣ್ಣ ಪತ್ರಿಕೆಯವರು ಕೇಳಿದ್ದು ಒಂದೇ: "ಅಕ್ಕಾ, ಮನೇಲಿ ಹಾಕಿದ್ರಾ?"

ಸಂಜೆ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

"ಮೇಡಂ, ಜನ ನಮ್ಮ ಕಡೆ ಇದಾರೆ ಅಂತ ನಾಳೆ ಕೋರ್ಟಿಗೆ ತೋರಿಸಬೇಕು. ನಿಮ್ಮದೊಂದು ಮಾತು ಸಾಕು. ಚೆನ್ನಾಗಿದೆ ಅಂತ ಬರೆದುಬಿಡಿ, ನಿಮ್ಮ ಕೀಲಿ ನಿಮಗೆ ವಾಪಸ್."

ಆಸೆಯಾಯಿತು, ಸುಳ್ಳೇಕೆ ಹೇಳಬೇಕು. "ಹಾಕಿ ನೋಡಿ ಹೇಳ್ತೀನಿ" ಎಂದಳು.

ಹಾಕಿ ಒಂದು ಗಂಟೆಯಾಗಿರಲಿಲ್ಲ, ಒಳಕೋಣೆಯಿಂದ ಅತ್ತೆ ಕೂಗಿದರು. "ಬಾರೇ ಇಲ್ಲಿ! ನಮ್ಮ ಸಂಘದ ಪುಟಕ್ಕೆ ನಲವತ್ತು ಜನ ಬಂದು ಜೂಜಾಡೋಕೆ ಕರೀತಿದಾರೆ. ಅದರಲ್ಲಿ ಒಬ್ಬಳೂ ನರ್ಸಲ್ಲ!"

ಕೋಡ್ ಬಿಚ್ಚಿ ನೋಡಿದಳು. ಇವಳ ಗುರುತೇ ಇರಬಾರದೆಂಬ ಹಟದಲ್ಲಿ ಕಂಪನಿಯವರು ಒಂದೊಂದು ಸಾಲಿನಲ್ಲೂ ಹುಡುಕಿ ಇವಳ ಹೆಸರು ಅಳಿಸಿ, ತಮ್ಮದನ್ನು ಬರೆದಿದ್ದರು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಪ್ರತಿ ವೆಬ್‌ಸೈಟಿನವರು ಹಾಕಿಕೊಂಡ ನಿಯಮಗಳೆಲ್ಲ ಆ ಹಳೇ ಹೆಸರಿನಡಿಯಲ್ಲೇ ಇದ್ದವು. ಹೊಸ ಚಿಲಕ ಹೊಸ ಹೆಸರಿನಡಿ ತಡಕಾಡಿ, ಏನೂ ಸಿಗದೆ, ಎಲ್ಲರನ್ನೂ ಒಳಗೆ ಬಿಟ್ಟಿತ್ತು. ಕೋಪದಲ್ಲಿ ಕೊಯ್ದ ಮೂಗು ಇದು, ಅದೂ ಬೇರೆಯವರ ಮೂಗು.

ಮ್ಯಾನೇಜರಿಗೆ ಹೇಳಿದಳು. "ಗೊತ್ತಾಯ್ತು, ಬುಧವಾರ ಸದ್ದಿಲ್ಲದೆ ಸರಿಮಾಡ್ತೀವಿ" ಎಂದ. "ನೀವು ಇವತ್ತೇ ಬರೀರಿ. ಬೇರೇನಾದ್ರೂ ಬರೆದ್ರೆ ಕೀಲಿ ಮರೆತುಬಿಡಿ."

ಅತ್ತೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಜಾಹೀರಾತುಗಳನ್ನು ಒಂದೊಂದಾಗಿ ಅಳಿಸುತ್ತಿದ್ದರು.

"ಅತ್ತೆ, ನಿಜ ಬರೆದ್ರೆ ಚಿಲಕ ಹೋಗುತ್ತೆ. ನನ್ನದು ಅಂತ ಇರೋದು ಅದೊಂದೇ."

ಅತ್ತೆ ಇನ್ನೊಂದು ಜಾಹೀರಾತು ಅಳಿಸಿದರು. "ವಾರ್ಡಿನಲ್ಲಿ ತಪ್ಪು ಮಾತ್ರೆ ಅಂತ ಗೊತ್ತಾದ್ರೆ ನಾನು ಡಾಕ್ಟರ ಮುಖ ನೋಡ್ತಿರಲಿಲ್ಲ ಕಣೇ. ತಟ್ಟೆ ವಾಪಸ್ ತರ್ತಿದ್ದೆ, ಅಷ್ಟೇ."

ಅವಳು ಬರೆದಳು: "ಮನೆಯಲ್ಲಿ ಹಾಕಿದೆ. ಮನೆ ತುಂಬ ಕಳ್ಳರು. ಯಾರೂ ಹಾಕಬೇಡಿ." ಕೆಳಗೆ ತಪ್ಪು ಎಲ್ಲಿ, ಯಾಕೆ ಎಂದು ವಿವರಿಸಿದಳು. ತಾನೇ ಸರಿಪಡಿಸಿದ ಪ್ರತಿಯನ್ನೂ ಅಲ್ಲೇ ಇಟ್ಟು, ಯಾರು ಬೇಕಾದರೂ ಒಯ್ಯಬಹುದು ಎಂದು ಸೇರಿಸಿದಳು.

ಮರುದಿನ ಬೆಳಗ್ಗೆ ಫೋನ್ ಬಂದಾಗ ಮ್ಯಾನೇಜರನ ದನಿಯಲ್ಲಿ ಬೆಣ್ಣೆ ಉಳಿದಿರಲಿಲ್ಲ. "ನಮ್ಮ ಮಾನ ಹರಾಜು ಹಾಕಿದ್ರಿ. ಇನ್ನು ಈ ಭಂಡಾರದಲ್ಲಿ ನಿಮಗೆ ಜಾಗ ಇಲ್ಲ."

"ಆಯ್ತು" ಎಂದಳು. ಕಣ್ಣೊರೆಸಿಕೊಂಡಳು, ಬೇಡಿಕೊಳ್ಳಲಿಲ್ಲ.

ಅವನು ಫೋನ್ ಇಡಲಿಲ್ಲ. ಒಂದು ಸಲ ಕೆಮ್ಮಿದ. "ಅದು... ನೀವು ಸರಿಮಾಡಿದ ಪ್ರತಿ ಇದೆಯಲ್ಲ. ಅದನ್ನ ನಾವು ತಗೋಬಹುದಾ?"

ಚಿಲಕದಕ್ಕನಿಗೆ ಅಳುವಿನ ನಡುವೆಯೇ ನಗು ಬಂತು.

"ಯಾರು ಬೇಕಾದ್ರೂ ಅಂತ ಬರೆದಿದೀನಲ್ಲ, ಅದರಲ್ಲಿ ನೀವೂ ಸೇರಿದೀರಿ. ತಗೊಳ್ಳಿ. ನನಗೆ ಯಾವ ಸಹಿಯೂ ಬೇಡ."