ನಗೀನಾ ಎಂಬ ಹೆಸರು

“ಒಳಗೆ ಬರಬೇಡಿ ದೀದಿ, ಅದೇನಿದ್ರೂ ಅಲ್ಲೇ ನಿಂತು ಹೇಳಿ,” ಎಂದು ಜೇಬಾ ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ಪತ್ರಿಕೆ ಮುದ್ದೆಯಾಗಿತ್ತು.

ಗಾಯಕಿ ಕುಮುದ ಹೊಸ್ತಿಲಾಚೆಗೇ ನಿಂತಳು. ಬನಾರಸಿನ ಕೋಠಾಗಳಲ್ಲಿ, ಅಂದರೆ ಗಣಿಕೆಯರ ಮನೆಗಳಲ್ಲಿ, ಹಾಡಿ ಹೇಳಹೆಸರಿಲ್ಲದೆ ಹೋದ ಹೆಂಗಸರ ಹಾಡುಗಳನ್ನು ಹುಡುಕಿ ಹಾಡುವುದನ್ನು ಅವಳು ಹನ್ನೆರಡು ವರ್ಷಗಳಿಂದ ವ್ರತದಂತೆ ಹಿಡಿದಿದ್ದಳು. ಜೇಬಾಳ ಅಜ್ಜಿ ನಗೀನಾ ಬಾಯಿ ಅವಳಿಗೆ ಒಂಬತ್ತು ಠುಮ್ರಿ ಕಲಿಸಿದ್ದರು, ಒಂದೇ ಷರತ್ತಿನ ಮೇಲೆ: ಎಲ್ಲೂ ತನ್ನ ಹೆಸರೆತ್ತಕೂಡದು. ಮೊಮ್ಮಗಳ ಮದುವೆಗೆ ಎಂಟೇ ದಿನ ಉಳಿದಿತ್ತು. ಕೋಠಾದ ವಿಷಯ ಅರಿಯದ ಬೀಗರ ಪಾಲಿಗೆ ಅಜ್ಜಿ ಬಟ್ಟೆ ಹೊಲಿದು ಮೊಮ್ಮಗಳನ್ನು ಸಾಕಿದ ಸಕೀನಾ ಬೀ.

ಭಾನುವಾರದ ಕಛೇರಿಯಲ್ಲಿ ಠುಮ್ರಿ ಎತ್ತಿಕೊಳ್ಳುವ ಮೊದಲು ಕುಮುದಳ ಕೈ, ಗುರುವಿಗೆ ಗೌರವ ತೋರಲು, ತಾನಾಗಿ ಕಿವಿ ಮುಟ್ಟಿತ್ತು. ಕಿವಿ ಮುಟ್ಟಿದ ಮೇಲೆ ಕಲಿಸಿದವರ ಹೆಸರು ಹೇಳದೆ ಇರುವುದುಂಟೇ? ಏಳನೇ ವಯಸ್ಸಿನಿಂದ ಬಂದ ರೂಢಿ. ಹೆಸರಷ್ಟೇ ಅಲ್ಲ, ಗಲ್ಲಿಯೂ ಬಾಯಿಗೆ ಬಂದುಬಿಟ್ಟಿತು. ಪತ್ರಿಕೆಯವರು ಎರಡನ್ನೂ ಬಿಡದೆ ಅಚ್ಚು ಹಾಕಿದರು.

“ಹುಡುಗನ ಚಿಕ್ಕಪ್ಪ ಬೆಳಿಗ್ಗೆನೇ ಬಂದಿದ್ರು. ನಿಮ್ಮ ಗಲ್ಲೀಲಿ ನಗೀನಾ ಬಾಯಿ ಅಂದ್ರೆ ಯಾರು ಅಂತ ಕೇಳಿದ್ರು. ನಾವೇನ್ ಹೇಳ್ಬೇಕು? ನಿಮಗೆ ಚಪ್ಪಾಳೆ ಸಿಕ್ತಲ್ಲ, ಹೊಟ್ಟೆ ತುಂಬ್ತಾ?”

“ತಪ್ಪಾಯ್ತು ಜೇಬಾ. ಬೇಕಂತ ಹೇಳಿದ್ದಲ್ಲ ಕಣೆ...”

“ಅವಳನ್ನ ಒಳಗೆ ಬಿಡೇ,” ಎಂದಿತು ಅಜ್ಜಿಯ ದನಿ.

ನಗೀನಾ ಬಾಯಿ ಮಂಚದ ಮೇಲೆ ಅಡಕೆ ಕತ್ತರಿಸುತ್ತ ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ಕುಮುದಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಪೇಪರಿನವರಿಗೆ ಒಂದು ಕಾಗದ ಬರಿ ಮಗಳೇ.”

“ಏನಂತ ಬರೀಲಿ ಅಮ್ಮಾ?”

“ಅಂಥ ಹೆಂಗಸು ಇರ್ಲೇ ಇಲ್ಲ ಅಂತ. ಹಾಡು ಯಾವುದೋ ಹಳೇ ಪುಸ್ತಕದ್ದು, ಹೆಸರು ನೀನೇ ಕಟ್ಟಿದ್ದು ಅಂತ. ಈ ವಿಷಯದಲ್ಲಿ ನಿನ್ನ ಮಾತನ್ನ ಊರೆಲ್ಲ ನಂಬುತ್ತೆ.”

ಅದೇ ಕುಮುದಳ ಎದೆಗೆ ನಾಟಿತು. ಇಷ್ಟು ವರ್ಷ ಗಳಿಸಿದ ನಂಬಿಕೆ ಕೊನೆಗೆ ಇದಕ್ಕೆ ಒದಗಬೇಕಾಯಿತಲ್ಲ ಎಂದು ಸಂಕಟಪಡುತ್ತಲೇ ಬರೆದಳು. ಓದಲು ಬಾರದ ನಗೀನಾ ಬಾಯಿ ಗಟ್ಟಿಯಾಗಿ ಓದಿಸಿ ಕೇಳಿದರು. ‘ಆ ಹೆಸರಿನ ಗಾಯಕಿ ಬಹುಶಃ ಇರಲಿಲ್ಲ’ ಎಂಬಲ್ಲಿಗೆ ಬಂದಾಗ ಕೈಯೆತ್ತಿ ತಡೆದರು.

“ಬಹುಶಃ ತೆಗಿ.”

ಕುಮುದ ಆ ಪದ ಹೊಡೆದುಹಾಕಿ ಮತ್ತೆ ಓದಿದಳು. ಕಣ್ಣು ಮುಚ್ಚಿ ಕೇಳುತ್ತಿದ್ದ ಮುದುಕಿ, ಪಾಠದಲ್ಲಿ ತಪ್ಪಿದ ಸ್ವರ ಕೊನೆಗೂ ಜಾಗಕ್ಕೆ ಬಂದಾಗ ಮಾಡುವಂತೆ, ಮಂಚದ ಅಂಚಿಗೆ ಎರಡು ಬೆರಳು ತಟ್ಟಿದರು.