ಬೀಗರು ಮಜ್ಜಿಗೆ ಕೇಳಿದ ದಿನ

ನಮ್ಮ ಯಜಮಾನರ ಹೆಸರು ಬಾಯಿಬಿಟ್ಟು ಹೇಳುವ ರೂಢಿ ನನಗಿಲ್ಲ. ಊರವರು ಕೆಂಪಣ್ಣ ಅನ್ನುತ್ತಾರೆ, ನೀವೂ ಹಾಗೇ ಅಂದುಕೊಳ್ಳಿ. ಆ ಕೆಂಪಣ್ಣನವರಿಗೆ ಹೊಟ್ಟೆ ಕೆಟ್ಟಾಗಲೆಲ್ಲ ಬೈಸಿಕೊಂಡವಳು ನಾನು, ಕಾಳಮ್ಮ. ಒಂದು ದಿನ ಎರಡು ದಿನದ ಮಾತಲ್ಲ. ಮದುವೆಯಾಗಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡ ಮೇಲೆ ಇಪ್ಪತ್ತು ವರ್ಷ. ಸಾರಿಗೆ ಖಾರ ಜಾಸ್ತಿಯಾಯಿತು, ಹುರುಳಿ ಬೇಯಲಿಲ್ಲ, ಮುದ್ದೆ ಗಂಟಾಯಿತು, ನಿನ್ನ ಕೈಯಲ್ಲೇ ಏನೋ ದೋಷ ಇದೆ. ನನ್ನ ಕೈಯಂತೆ! ಅದೇ ಸಾರು ಉಂಡು ನಾನು, ನನ್ನ ಮಗಳು, ಗದ್ದೆಗೆ ಬರುವ ಆಳುಗಳು ಎಲ್ಲರೂ ಗುಂಡುಕಲ್ಲಿನ ಹಾಗಿದ್ದೆವು.

ಅವರ ಹೊಟ್ಟೆ ಕೆಡಿಸುತ್ತಿದ್ದದ್ದು ಹಾಲು. ದಿನಾ ಬೆಳಗ್ಗೆ ತಾವೇ ಹಸು ಕರೆದು, ಅರ್ಧ ಸೇರು ನೊರೆಹಾಲನ್ನು ಕೊಟ್ಟಿಗೆಯಲ್ಲೇ ನಿಂತು ಗಟಗಟ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದರು. “ಹಾಲು ಕುಡೀದವ್ನ ತೋಳಲ್ಲಿ ಏನಿರತ್ತೆ? ಗಂಜಿ!” ಅನ್ನುವುದು ಅವರ ದಿನನಿತ್ಯದ ಮಂತ್ರ. ಅರ್ಧ ಗಂಟೆ ಕಳೆದರೆ ಹೊಟ್ಟೆ ಗುಡುಗುಡು. ಆಮೇಲೆ ತೇಗು. ಆಮೇಲೆ ಚೊಂಬು ಹಿಡಿದು ಬೇಲಿಯಾಚೆ ಓಟ. ವಾಪಸು ಬಂದವರೇ ನನ್ನ ಸಾರಿನ ಜಾತಕ ಬಿಡಿಸುತ್ತಿದ್ದರು.

ನನ್ನ ಅತ್ತೆ ಎಂಬತ್ತು ದಾಟುವ ತನಕ ಹಾಲು ಕುಡಿದವರು. ಕಲ್ಲು ತಿಂದರೂ ಅರಗಿಸಿಕೊಳ್ಳುವ ಹೊಟ್ಟೆ ಅವರದು. ತಾಯಿಯ ಮೂಗು ಬಂದ ಹಾಗೆ ತಾಯಿಯ ಹೊಟ್ಟೆಯೂ ತನಗೆ ಬಂದಿದೆ ಅಂತ ಮಗ ನಂಬಿಕೊಂಡಿದ್ದರು.

ನನಗೆ ನಿಜ ಗೊತ್ತಾದದ್ದು ಹಸು ಬತ್ತಿದಾಗ. ಮಡಿಕೇರಿಯಲ್ಲಿ ಕೊಡಗಿಗೇ ಬೇರೆ ಸರ್ಕಾರ ಇದ್ದ ಕಾಲ ಅದು, ಮೊದಲನೇ ಓಟು ಹಾಕಿ ಎರಡು ವರ್ಷವಾಗಿತ್ತು. ಕಾರ್ತಿಕದಿಂದ ಮಾಘದವರೆಗೆ ನಮ್ಮ ಕೊಟ್ಟಿಗೆಯಲ್ಲಿ ತೊಟ್ಟು ಹಾಲಿರಲಿಲ್ಲ. ಪಕ್ಕದ ಮನೆಯಿಂದ ಮೊಸರು ಮಜ್ಜಿಗೆ ಇಸಿದುಕೊಂಡು ಸಂಸಾರ ಸಾಗಿಸಿದೆ. ಆ ನಾಲ್ಕು ತಿಂಗಳು ಯಜಮಾನರು ಚೊಂಬು ಹಿಡಿದು ಓಡಲಿಲ್ಲ. ಅವರೆಕಾಳು ತಿಂದರು, ಹುರುಳಿ ಸಾರು ಸುರಿದುಕೊಂಡರು, ಹಂದಿ ಮಾಂಸ ತಿಂದರು, ಏನೂ ಆಗಲಿಲ್ಲ. ಅದಕ್ಕೆ ಕಾರಣ ಯಾರು ಅಂತೀರಿ? ಮಾಕುಟ್ಟದ ಕಡೆಯಿಂದ ನಾರುಬೇರು ಹೊತ್ತು ಬಂದಿದ್ದ ಒಬ್ಬ ಪುಣ್ಯಾತ್ಮನ ಕಷಾಯವಂತೆ! ಫಾಲ್ಗುಣದಲ್ಲಿ ಹಸು ಈಯಿತು. ಗಿಣ್ಣು ಮುಗಿದು ಹಾಲು ಶುರುವಾಯಿತು, ಗುಡುಗುಡುವೂ ಶುರುವಾಯಿತು. ಇವರು ಆ ಕಷಾಯದವನನ್ನು ಹುಡುಕಿಸಲು ಜನ ಕಳಿಸಿದರು.

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಮನೆ ಹೆಂಚು ಹಾರಿಹೋಗುತ್ತಿತ್ತು. ಅದಲ್ಲದೆ ಆಗ ನನ್ನ ತಲೆಯಲ್ಲಿದ್ದದ್ದು ಮಗಳು ಮುತ್ತಮ್ಮನ ಮದುವೆ.

ಯಜಮಾನರ ಮನೆತನದಲ್ಲೂ ನನ್ನ ತವರಲ್ಲೂ ಒಂದು ಪದ್ಧತಿ ಉಂಟು. ಹೆಣ್ಣು ನೋಡಲು ಬಂದವರು ಮಾತು ಆಗುವ ತನಕ ನಮ್ಮ ಮನೆಯಲ್ಲಿ ಎಲೆ ಹಾಕಿಸಿಕೊಳ್ಳುವಂತಿಲ್ಲ. ಎಲ್ಲ ಮಾತು ಮುಗಿದ ಮೇಲೆ ಹೆಣ್ಣಿನ ತಂದೆ ತಾನೇ ಕರೆದ ಹಾಲನ್ನು ಕಂಚಿನ ಲೋಟದಲ್ಲಿ ತಂದು ಮುಂದಿಡಬೇಕು. ಒಪ್ಪಿಗೆಯಿದ್ದರೆ ಗಂಡಿನ ಕಡೆಯವರು ಕುಡಿಯುತ್ತಾರೆ. ಇಲ್ಲದಿದ್ದರೆ ಲೋಟ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಕೆಳಗಿಟ್ಟು ಎದ್ದು ಹೋಗುತ್ತಾರೆ. ಆ ದಿನ ಮನೆಯಲ್ಲಿ ಹುಳಿ ಅನ್ನುವ ಮಾತೇ ಇಲ್ಲ. ಸಾರಿಗೆ ಹುಣಸೆಹಣ್ಣು ಬೀಳುವುದಿಲ್ಲ, ಮಜ್ಜಿಗೆ ಗಡಿಗೆಯನ್ನು ಮೂಲೆಯಲ್ಲಿ ಮುಚ್ಚಿಟ್ಟಿರುತ್ತೇವೆ.

ಮುತ್ತಮ್ಮನನ್ನು ನೋಡಲು ಬಂದ ಮೊದಲನೆಯವರು, ಹುಡುಗಿ ಕಪ್ಪು ಅಂತ ಲೋಟ ಕೆಳಗಿಟ್ಟು ಹೋದರು. ಎರಡನೆಯವರು ಕುಡಿದರು, ಆದರೆ ಅರ್ಧ ಬಿಟ್ಟರು. ಅರ್ಧ ಒಪ್ಪಿಗೆಯ ಮನೆಗೆ ಪೂರ್ತಿ ಮಗಳನ್ನು ಹೇಗೆ ಕೊಡಲಿ ಅಂತ ನಮ್ಮ ಯಜಮಾನರೇ ಅವರನ್ನು ಅಟ್ಟಿದರು. ಮೂರನೆಯದೂ ತಪ್ಪಿದರೆ ಊರಿನ ಬಾಯಿಗೆ ಬೀಳುವುದು ನನ್ನ ಮಗಳು. ಬಾವಿಕಟ್ಟೆಯಲ್ಲಿ ಆಗಲೇ ಒಬ್ಬಿಬ್ಬರು ನನ್ನ ಕಂಡು ಮಾತು ನುಂಗುತ್ತಿದ್ದರು.

ಮೂರನೆಯ ಹುಡುಗನನ್ನು ತಂದವನು ನನ್ನ ಅಣ್ಣ ಸಣ್ಣಸ್ವಾಮಿ. ಹುಡುಗ ನಾಗರಾಜು, ಬಾಳೆಲೆಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ತಂದೆ ಪರಮೇಶಪ್ಪ, ಹುಣಸೂರು ಕಡೆಯವರು, ಹೆಂಡತಿ ತೀರಿಕೊಂಡ ಮೇಲೆ ಮಗನ ಜೊತೆ ಬಾಳೆಲೆಗೇ ಬಂದು ನೆಲೆಸಿದ್ದರು. ಹೆಣ್ಣು ನೋಡಲು ಬರುವುದಕ್ಕೆ ಒಂದು ತಿಂಗಳ ಮುಂಚೆ ಸಣ್ಣಸ್ವಾಮಿ ಬಿತ್ತನೆ ಭತ್ತದ ನೆಪ ಹೇಳಿ ಹುಡುಗನನ್ನು ನಮ್ಮ ಕಣಕ್ಕೆ ಕರೆತಂದಿದ್ದ. ಮುತ್ತಮ್ಮ ಅವನಿಗೆ ಭತ್ತ ತೂರಿ ತೋರಿಸಿದಳು. ಅವತ್ತಿನಿಂದ ರಾಗಿ ಬೀಸುವಾಗ ಹಾಡು ಜೋರಾಯಿತು, ಬೀಸುಕಲ್ಲಿನ ಸದ್ದೂ ಕೇಳಿಸದಷ್ಟು. ಹೆತ್ತವಳಿಗೆ ಅಷ್ಟು ತಿಳಿಯುವುದಿಲ್ಲವೇ?

ಚೈತ್ರದ ಒಂದು ಬುಧವಾರ ತಂದೆ ಮಗ ಇಬ್ಬರೂ ಬಂದರು. ಜಗಲಿಯಲ್ಲಿ ಚಾಪೆ ಹಾಸಿದೆವು. ನಾನು ಒಬ್ಬಟ್ಟು ತಟ್ಟಿಟ್ಟು ಬಾಗಿಲ ಸಂದಿಯಲ್ಲಿ ನಿಂತೆ, ಮುತ್ತಮ್ಮ ನನ್ನ ಬೆನ್ನಿಗೆ ಅಂಟಿಕೊಂಡು ನಿಂತಳು. ಮಾತು ಹಾಲಿನ ಹಾಗೆ ಉಕ್ಕಿ ಹರಿಯಿತು. ಗದ್ದೆ, ಮಳೆ, ಕಾಫಿ, ಜಾತಕ, ಲಗ್ನ ಎಲ್ಲ ಸರಿಹೋಯಿತು. ಪರಮೇಶಪ್ಪನವರು ನಗುವಾಗ ಕಣ್ಣು ಮುಚ್ಚುವ ಮನುಷ್ಯ, ನನಗೆ ಹಿಡಿಸಿದರು. ಇಂಥ ಮಾವ ಸಿಕ್ಕರೆ ನನ್ನ ಮಗಳು ಪುಣ್ಯವಂತೆ ಅಂದುಕೊಂಡೆ. ನಮ್ಮ ಯಜಮಾನರು ಎದ್ದು ಹೋಗಿ, ಹಸು ಕರೆದು, ಲೋಟ ತುಂಬಿಸಿ ತಂದು ಅವರ ಮುಂದಿಟ್ಟರು.

ಪರಮೇಶಪ್ಪನವರು ಲೋಟವನ್ನೇ ನೋಡಿದರು. ಮುಟ್ಟಲಿಲ್ಲ.

“ಬೀಗ್ರೆ, ತಪ್ಪು ತಿಳೀಬೇಡಿ. ಹಾಲು ನನ್ ಮೈಗೆ ಆಗಲ್ಲ. ಒಂದ್ ಲೋಟ ಮಜ್ಜಿಗೆ ಇದ್ರೆ ಕೊಡಿ. ಮಜ್ಜಿಗೆಗ್ ಬಂದು ತಂಬಿಗೆ ಯಾಕ್ ಬಚ್ಚಿಡ್ಲಿ, ನೇರವಾಗೇ ಕೇಳ್ತಿದ್ದೀನಿ.”

ಅಯ್ಯೋ ಶಿವನೇ! ಸಣ್ಣಸ್ವಾಮಿ ಹಣೆ ಹಣೆ ಚಚ್ಚಿಕೊಂಡ. ಪದ್ಧತಿಯ ವಿಷಯ ಅವರಿಗೆ ಹೇಳಿಟ್ಟಿರಬೇಕಾದವನು ಅವನೇ. ಹಾಲು ಕುಡಿಯದ ಮನುಷ್ಯ ಇರುತ್ತಾನೆ ಅಂತ ನನಗೇನು ಗೊತ್ತು ಅಂತ ಆಮೇಲೆ ನನ್ನನ್ನೇ ಕೇಳಿದ.

ಯಜಮಾನರ ಮುಖ ಕೆಂಪಗಾಯಿತು. “ನಮ್ ಹೆಣ್ಣು ಬೇಡ ಅಂದ್ರೆ ಬೇಡ ಅನ್ನಿ. ಮುಟ್ಟಿ ಕೆಳಗಿಟ್ಟು ಹೋಗಿ. ಮನೆಯೊಳಗೆ ಕೂತ್ಕೊಂಡು ಹುಳಿ ಕೇಳ್ತೀರಾ?”

“ಹೆಣ್ಣು ಬೇಡ ಅಂತ ಯಾರಂದ್ರು? ನಾನು ಹೇಳಿದ್ದು ನನ್ ಹೊಟ್ಟೆ ವಿಷ್ಯ!”

“ಹಾಲು ದಕ್ಕದ ಮೈ ಒಂದು ಮೈಯಾ? ರೋಗದ ಮನೆಗೆ ನಾನು ಮಗಳನ್ನ ಕೊಡಲ್ಲ.”

ಪರಮೇಶಪ್ಪನವರ ನಗು ಆರಿಹೋಯಿತು. ನಿಧಾನವಾಗಿ ಎದ್ದರು, ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು. “ನಡಿ ನಾಗರಾಜು. ಮೂರು ಗಂಟೆ ಬಸ್ ಸಿಕ್ಕತ್ತೆ,” ಅಂದರು. ಹುಡುಗ ಎದ್ದ. ಎದ್ದವನು ಬಾಗಿಲ ಸಂದಿಯ ಕಡೆ ನೋಡಿದ. ನನ್ನ ಬೆನ್ನ ಹಿಂದೆ ಮುತ್ತಮ್ಮ “ಅವ್ವಾ” ಅಂದಳು, ಅಷ್ಟೇ. ಅವಳ ಕೈ ನನ್ನ ಸೆರಗನ್ನು ಹಿಂಡುತ್ತಿತ್ತು.

ಪರಮೇಶಪ್ಪನವರ ಒಂದು ಕಾಲು ಚಪ್ಪಲಿಗೆ ಹೋಗಿತ್ತು. ನಾನು ಹೊಸಿಲು ದಾಟಿ ಗಂಡಸರ ನಡುವೆ ಹೋಗಿ ನಿಂತೆ.

“ಒಳಗ್ ಹೋಗು,” ಅಂದರು ಯಜಮಾನರು.

“ಹೋಗಲ್ಲ,” ಅಂದೆ. ಪರಮೇಶಪ್ಪನವರನ್ನು ಕೇಳಿದೆ. “ಅಣ್ಣಾ, ಹೋಗೋದಾದ್ರೆ ಹೋಗಿ, ನಿಮ್ಮನ್ನ ತಡೆಯೋದಕ್ಕೆ ನನಗೆ ಮುಖ ಇಲ್ಲ. ಒಂದ್ ಮಾತು ಹೇಳಿ. ಹಾಲು ಕುಡಿದ್ರೆ ನಿಮಗೆ ಏನಾಗತ್ತೆ?”

ಅವರು ಸಂಕೋಚದಿಂದ ಮಗನ ಮುಖ ನೋಡಿದರು. “ಏನ್ ಹೇಳ್ಲಿ ತಾಯಿ. ಕುಡಿದು ಅರ್ಧ ಗಂಟೆಗೆ ಹೊಟ್ಟೇಲಿ ಗುಡುಗು. ಆಮೇಲೆ ಚೊಂಬು ಹಿಡ್ಕೊಂಡು ಓಟ. ಚಿಕ್ಕಂದಿನಲ್ಲಿ ಇರ್ಲಿಲ್ಲ, ಮೀಸೆ ಬಂದ್ಮೇಲೆ ಶುರುವಾಯ್ತು. ಮಜ್ಜಿಗೆ ಮೊಸರು ಎಷ್ಟಾದ್ರೂ ಆಗತ್ತೆ.” ಚಪ್ಪಲಿಯ ಕಾಲನ್ನೇ ನೋಡುತ್ತ ಮುಂದುವರಿಸಿದರು. “ನಾನು ಹಾಲಿನ ಮೇಲೆ ಅನುಮಾನ ಪಡ್ಲಿಲ್ಲ ತಾಯಿ. ಹಾಲು ಅಂದ್ರೆ ಅಮೃತ ಅಲ್ವಾ? ನನ್ ಹೆಂಡ್ತಿ ಅಡಿಗೆ ಮೇಲೆ ಅನುಮಾನ ಪಟ್ಟೆ. ಇದ್ದಷ್ಟು ಕಾಲ ಬೈದೆ. ಬೈಸ್ಕೊಂಡೇ ಹೋಗ್ಬಿಟ್ಲು ಪಾಪ. ಆಮೇಲೆ ನಾನೇ ಬೇಯಿಸ್ಕೊಂಡ್ ತಿಂದ್ರೂ ಅದೇ ಗುಡುಗು. ಎಸ್ಟೇಟ್ ಡಾಕ್ಟ್ರು ಎಂಟು ದಿನ ಹಾಲು ಬಿಟ್ಟು ನೋಡು, ಕೆಲವರಿಗೆ ದೊಡ್ಡವರಾದ್ಮೇಲೆ ಅದು ಅರಗಲ್ಲ ಅಂದ್ರು. ಬಿಟ್ಟೆ, ಸರಿಹೋಯ್ತು. ಆದ್ರೆ ಯಾರ್ ಹತ್ರ ಹೋಗಿ ತಪ್ಪಾಯ್ತು ಅನ್ಲಿ?”

ಕಂಡಿಲ್ಲದ ಆ ಹೆಂಗಸಿಗಾಗಿ ಅಳು ಬಂತು, ನನಗಾಗಿಯೂ ಬಂತು, ಅದರ ಜೊತೆಗೆ ಸಿಟ್ಟೂ ಬಂತು. ಯಜಮಾನರ ಕಡೆ ತಿರುಗಿದೆ.

“ಕೇಳಿದ್ರಾ? ಕಾರ್ತಿಕದಿಂದ ಮಾಘದ ತನಕ ಹಸು ಬತ್ತಿತ್ತು. ಆ ನಾಲ್ಕು ತಿಂಗಳು ನೀವು ಒಂದು ದಿನ ಬೇಲಿಯಾಚೆ ಓಡಿದ್ರಾ?”

“ಅದು ಕಷಾಯ...”

“ಕಷಾಯ ಎರಡೇ ವಾರಕ್ಕೆ ಮುಗೀತು! ಗಡಿಗೆ ತೊಳೆದಿಟ್ಟವಳು ನಾನು. ಹಸು ಈದು ಹಾಲು ಶುರುವಾದ ದಿನದಿಂದ ಮತ್ತೆ ಓಡ್ತಿದ್ದೀರಿ. ಇವತ್ತೂ ಬೆಳಗ್ಗೆ ಓಡಿದ್ರಿ. ಇವರಿಗೆ ರೋಗ ಅಂದ್ರೆ ಅದೇ ರೋಗ ನಿಮಗೂ ಇದೆ. ಹಾಗಾದ್ರೆ ರೋಗದ ಮನೆ ಹೆಣ್ಣನ್ನ ಯಾರು ತರ್ತಾರೆ ಹೇಳಿ?”

ಅವರು ಬಾಯಿ ತೆರೆದರು. ಆಗಲೇ ಅವರ ಹೊಟ್ಟೆ ಮಾತಾಡಿತು. ಬೀಗರು ಬರುವ ಸಡಗರಕ್ಕೆ ಮಧ್ಯಾಹ್ನ ಇನ್ನೊಂದು ಲೋಟ ಏರಿಸಿದ್ದರು, ಅದು ಗುರ್‍ರ್ ಅಂತ ಶುರುವಾಗಿ ಜಗಲಿಯ ಆ ತುದಿಯವರೆಗೂ ಕೇಳಿಸಿತು. ಸಣ್ಣಸ್ವಾಮಿ ಕೆಮ್ಮುವ ಹಾಗೆ ಮಾಡಿ ಮುಖ ತಿರುಗಿಸಿದ. ಪರಮೇಶಪ್ಪನವರು ಮಾತ್ರ ನಗಲಿಲ್ಲ.

“ನಂದೂ ಹಿಂಗೇ ಬೀಗ್ರೆ,” ಅಂದರು, ಒಳ್ಳೆ ಗೆಳೆಯನಿಗೆ ಹೇಳುವ ಹಾಗೆ. “ಅಕ್ಷರಶಃ ಹಿಂಗೇ.”

ಯಜಮಾನರು ಗೋಡೆಗೆ ಒರಗಿ ಕೂತುಬಿಟ್ಟರು. ಒಂದು ಸಲ ಹಾಲಿನ ಲೋಟ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. ಇಪ್ಪತ್ತು ವರ್ಷದ ಸಾರು, ಮುದ್ದೆ, ಹುರುಳಿ ಎಲ್ಲ ಅವರ ಕಣ್ಣ ಮುಂದೆ ಸಾಲಾಗಿ ಹೋಗುತ್ತಿತ್ತೋ ಏನೋ. ಕೊನೆಗೆ, “ಕೂತ್ಕೊಳ್ಳಿ ಬೀಗ್ರೆ, ನಾನ್ ಆಡಿದ್ದು ಜಾಸ್ತಿಯಾಯ್ತು,” ಅಂದರು. ಆ ಬಾಯಿಂದ ಅಂಥ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪರಮೇಶಪ್ಪನವರು ಚಪ್ಪಲಿಯಿಂದ ಕಾಲು ತೆಗೆದರು.

ಕೂತದ್ದೇನೋ ಕೂತರು. ಆದರೆ ಲೋಟ ಇನ್ನೂ ಮಧ್ಯದಲ್ಲೇ ಇತ್ತಲ್ಲ! ಕರೆದು ತಂದಿಟ್ಟ ಹಾಲನ್ನು ಕುಡಿಯದೆ ಒಳಗೆ ಒಯ್ದರೆ ಸಂಬಂಧ ಮುರಿದ ಹಾಗೆ. ಪರಮೇಶಪ್ಪನವರು ಕುಡಿಯುವಂತಿಲ್ಲ. ಹಿರಿಯರು ಮೊದಲು ಬಾಯಿಗಿಡದೆ ಹುಡುಗ ಮುಟ್ಟುವಂತಿಲ್ಲ. ಕುಡಿಯಿರಿ ಅನ್ನಲು ಯಜಮಾನರಿಗೆ ಬಾಯಿಲ್ಲ. ಹಿರಿಯರಿಬ್ಬರೂ ಆ ಲೋಟವನ್ನು, ಅದರೊಳಗೆ ಚೇಳು ಬಿದ್ದಿದೆಯೋ ಅನ್ನುವ ಹಾಗೆ ನೋಡುತ್ತ ಕೂತರು.

“ಒಂದ್ ಗುಟುಕು ಕುಡಿದ್ಬಿಡ್ತೀನಿ, ಏನಾಗತ್ತೋ ಆಗ್ಲಿ,” ಅಂತ ಪರಮೇಶಪ್ಪನವರು ಕೈ ಚಾಚಿದರು.

“ಬೇಡ ಮಾವ.”

ಮುತ್ತಮ್ಮನ ದನಿ. ಯಾವಾಗ ಹೊರಗೆ ಬಂದಳೋ ನಾನು ನೋಡಲಿಲ್ಲ. ಇನ್ನೂ ಒಪ್ಪಿಗೆಯೇ ಆಗಿಲ್ಲ, ಆಗಲೇ ಮಾವ ಅಂದುಬಿಟ್ಟಿದ್ದಳು. ನೇರವಾಗಿ ಬಂದು, ಬಗ್ಗಿ, ಎರಡೂ ಕೈಯಲ್ಲಿ ಲೋಟ ಎತ್ತಿ, ನಿಂತಲ್ಲೇ ಕುಡಿಯತೊಡಗಿದಳು. ಅವಸರ ಮಾಡಲಿಲ್ಲ, ನಡುವೆ ನಿಲ್ಲಿಸಲೂ ಇಲ್ಲ. ಅವಳ ಗಂಟಲು ಏರಿ ಇಳಿಯುವುದನ್ನು ಎಲ್ಲರೂ ನೋಡುತ್ತಿದ್ದೆವು. ಅಜ್ಜಿಯ ಹೊಟ್ಟೆ ಬಂದಿದ್ದದ್ದು ಮಗನಿಗಲ್ಲ, ಮೊಮ್ಮಗಳಿಗೆ. ಕೊನೆಯ ತೊಟ್ಟಿನ ತನಕ ಕುಡಿದು, ಖಾಲಿ ಲೋಟವನ್ನು ನಾಗರಾಜುವಿನ ಮುಂದೆ ಇಟ್ಟಳು. ಮೇಲ್ದುಟಿಯ ಮೇಲೆ ಬಿಳಿ ಮೀಸೆ ಮೂಡಿತ್ತು. ಒರೆಸಿಕೊಳ್ಳಲಿಲ್ಲ.

ನಾಗರಾಜು ಲೋಟ ಎತ್ತಿ ಒಳಗೆ ನೋಡಿದ. “ಒಂದ್ ತೊಟ್ಟೂ ಬಿಟ್ಟಿಲ್ಲ ಅಪ್ಪಯ್ಯ,” ಅಂದ. ಅವನ ಕಿವಿ ಕೆಂಪಾಗಿತ್ತು.

“ನಿಮ್ ಪದ್ಧತೀಲಿ ಇದು ನಡೆಯತ್ತಾ ಬೀಗ್ರೆ?” ಅಂತ ಕೇಳಿದರು ಪರಮೇಶಪ್ಪನವರು. ಅವರ ಕಣ್ಣು ಆಗಲೇ ಮುಚ್ಚಿಹೋಗಿತ್ತು, ನಗುವಿಗೆ.

ನನ್ನನ್ನು ನೋಡಲು ಬಂದ ದಿನ ಹಾಲು ಕುಡಿದವರು ಮೂರು ಜನ ಗಂಡಸರು. ನಾನು ಒಳಗೆ ಕತ್ತಲಲ್ಲಿ ಕೂತು ಲೋಟ ಕೆಳಗಿಟ್ಟ ಸದ್ದಿಗೆ ಕಾಯುತ್ತಿದ್ದೆ, ಯಾರೂ ನನ್ನನ್ನು ಕೇಳಿರಲಿಲ್ಲ. ನನ್ನ ಮಗಳು ಜಗಲಿಯ ನಡುವೆ ನಿಂತು ತನ್ನ ಮಾತನ್ನು ತಾನೇ ಕುಡಿದು ಕೊಟ್ಟಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

“ನಡೆಯತ್ತೆ,” ಅಂದರು ಯಜಮಾನರು. ಸ್ವಲ್ಪ ಯೋಚಿಸಿ, “ಯಾಕ್ ನಡೆಯಲ್ಲ? ಬಾಳೋಳು ಅವಳು ತಾನೇ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, ಮಾಮೂಲಿನ ಗತ್ತು ಬಿಟ್ಟ ಸಣ್ಣ ದನಿಯಲ್ಲಿ, “ಕಾಳಿ, ಬೀಗ್ರಿಗೆ ಮಜ್ಜಿಗೆ ತಾ. ನಂಗೂ ಒಂದ್ ಲೋಟ,” ಅಂದರು.

ಕೇಳಿಸಿತು. ಆದರೂ ಇನ್ನೊಂದು ಸಲ ಹೇಳಲಿ ಅಂತ ಸುಮ್ಮನೆ ನಿಂತೆ.